ಕ್ರೋಮಿಯಂ ಬೆರೆತ ಬೋರ್ ನೀರು: ಕುಡಿಯಲು ಯಾವ ದಾರಿ ಆರಿಸಿಕೊಳ್ಳಬೇಕು?

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಅಂಚಿನ ಬಡಾವಣೆಗಳಲ್ಲಿ ವಾಸಿಸುವ ಓದುಗರು ಒಂದು ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಾರೆ. ಅಂತರ್ಜಲದಲ್ಲಿ ಕ್ರೋಮಿಯಂ ಸೇರಿದೆ ಎಂಬ ಮಾತು ಬಹಳ ವರ್ಷಗಳಿಂದ ಕೇಳಿಬರುತ್ತಿದೆ. ಹಾಗಾದರೆ ಆರ್‌ಒ ಯಂತ್ರ ಹಾಕಿಸಬೇಕೇ, ಕ್ಯಾನ್ ನೀರು ತರಿಸಬೇಕೇ, ಕಾವೇರಿ ಸಂಪರ್ಕಕ್ಕೆ ಹಣ ಕಟ್ಟಬೇಕೇ, ಇಲ್ಲವೇ ಬೋರ್‌ವೆಲ್ಲನ್ನು ಇನ್ನೂ ಆಳಕ್ಕೆ ಕೊರೆಸಬೇಕೇ? ಇವುಗಳಲ್ಲಿ ಎಲ್ಲರಿಗೂ ಒಪ್ಪುವ ಒಂದೇ ಉತ್ತರವಿಲ್ಲ. ಆದರೆ ನಿಮ್ಮ ಮನೆಗೆ ಒಪ್ಪುವ ಉತ್ತರವನ್ನು ಕಂಡುಕೊಳ್ಳಲು ಸಾಧ್ಯವಿದೆ, ಮತ್ತು ಅದಕ್ಕೆ ಮೊದಲು ಬೇಕಾದದ್ದು ಯಂತ್ರವಲ್ಲ, ಪ್ರಯೋಗಾಲಯದ ಒಂದು ವರದಿ.

ವಿಷಯದ ಹಿನ್ನೆಲೆಯನ್ನು ಸ್ವಲ್ಪದರಲ್ಲಿ ಹೇಳಬೇಕು. ಲೋಹದ ವಸ್ತುಗಳಿಗೆ ಹೊಳಪಿನ ಲೇಪನ ಕೊಡುವ ಕ್ರೋಮ್ ಪ್ಲೇಟಿಂಗ್ ಘಟಕಗಳಲ್ಲಿ ಕ್ರೋಮಿಕ್ ಆಮ್ಲ ಬಳಕೆಯಾಗುತ್ತದೆ. ಅಲ್ಲಿಯ ತೊಳೆದ ನೀರು ಸರಿಯಾದ ಸಂಸ್ಕರಣೆಯಿಲ್ಲದೆ ಚರಂಡಿಗೋ ಇಂಗುಗುಂಡಿಗೋ ಸೇರಿದರೆ, ಷಟ್‌ವೇಲೆನ್ಸಿ ಕ್ರೋಮಿಯಂ, ಅಂದರೆ ಪ್ರಯೋಗಾಲಯದವರು ಕ್ರೋಮಿಯಂ ಆರು ಎಂದು ಕರೆಯುವ ರೂಪ, ನೀರಿನಲ್ಲಿ ಸುಲಭವಾಗಿ ಕರಗಿ ನೆಲದಡಿಯಲ್ಲಿ ದೂರದವರೆಗೆ ಸಾಗುತ್ತದೆ. ಕ್ರೋಮಿಯಂ ಮೂರು ಎಂಬ ಇನ್ನೊಂದು ರೂಪ ಅಷ್ಟಾಗಿ ಕರಗದು, ಅಷ್ಟು ಹಾನಿಕರವೂ ಅಲ್ಲ. ಕ್ರೋಮಿಯಂ ಆರನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1990ರಲ್ಲಿಯೇ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಆ ತೀರ್ಮಾನಕ್ಕೆ ಮುಖ್ಯ ಆಧಾರವಾದದ್ದು ಉಸಿರಿನ ಮೂಲಕ ಒಳಹೋದ ಕ್ರೋಮಿಯಂನಿಂದ ಕಾರ್ಮಿಕರಿಗೆ ಬಂದ ಶ್ವಾಸಕೋಶದ ಕ್ಯಾನ್ಸರ್. ಕುಡಿಯುವ ನೀರಿನ ಮೂಲಕ ಕೊಟ್ಟಾಗಲೂ ಇಲಿಗಳ ಬಾಯಿಯಲ್ಲಿ ಮತ್ತು ಸುಂಡಿಲಿಗಳ ಸಣ್ಣ ಕರುಳಿನಲ್ಲಿ ಗೆಡ್ಡೆಗಳು ಬೆಳೆದದ್ದನ್ನು ಅಮೆರಿಕದ ರಾಷ್ಟ್ರೀಯ ವಿಷವಿಜ್ಞಾನ ಕಾರ್ಯಕ್ರಮ 2008ರ ವರದಿಯಲ್ಲಿ ದಾಖಲಿಸಿತು. ಅಲ್ಲಿ ಬಳಸಿದ ಪ್ರಮಾಣ ನಮ್ಮ ನಲ್ಲಿಗಳಲ್ಲಿ ಸಾಮಾನ್ಯವಾಗಿ ಕಾಣುವುದಕ್ಕಿಂತ ಬಹಳ ಹೆಚ್ಚಿನದು ಎಂಬುದನ್ನೂ ಮರೆಯಬಾರದು. ಹೆದರಿ ನಿದ್ದೆಗೆಡುವ ಅಗತ್ಯವಿಲ್ಲ, ಆದರೆ ವರ್ಷಗಟ್ಟಲೆ ಪ್ರತಿದಿನ ಕುಡಿಯುವ ನೀರಿನ ವಿಷಯದಲ್ಲಿ ಉದಾಸೀನವೂ ಸಲ್ಲದು.

ತೂಗಿ ನೋಡುವ ಮೊದಲು

ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನದಂಡ, ಅಂದರೆ ಐಎಸ್ 10500ರ 2012ರ ಆವೃತ್ತಿ, ಒಟ್ಟು ಕ್ರೋಮಿಯಂಗೆ ಲೀಟರಿಗೆ 0.05 ಮಿಲಿಗ್ರಾಂ ಮಿತಿಯನ್ನು ಹಾಕಿದೆ, ಬೇರೆ ನೀರು ಸಿಗದ ಕಡೆಗಳಿಗೆಂದು ಅದರಲ್ಲಿ ಯಾವ ಸಡಿಲಿಕೆಯನ್ನೂ ಕೊಟ್ಟಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯೂ ಇದೇ ಪ್ರಮಾಣವನ್ನು ಹೇಳುತ್ತದೆ. ಯುರೋಪಿನ ಒಕ್ಕೂಟ 2036ರ ವೇಳೆಗೆ ಇದನ್ನು 0.025ಕ್ಕೆ ಇಳಿಸಲು ನಿರ್ಧರಿಸಿದೆ. ಕ್ಯಾಲಿಫೋರ್ನಿಯಾ ರಾಜ್ಯ ಕ್ರೋಮಿಯಂ ಆರಕ್ಕೆ ಪ್ರತ್ಯೇಕವಾಗಿ 0.01 ಮಿಲಿಗ್ರಾಂ ಮಿತಿಯನ್ನು ಹಾಕಿ 2024ರ ಅಕ್ಟೋಬರ್‌ನಿಂದ ಜಾರಿಗೆ ತಂದಿದೆ. ಈ ಸಂಖ್ಯೆಗಳನ್ನು ಇಟ್ಟುಕೊಂಡು ನಾನು ಹೀಗೆ ಲೆಕ್ಕ ಹಾಕುತ್ತೇನೆ: ವರದಿಯಲ್ಲಿ ಒಟ್ಟು ಕ್ರೋಮಿಯಂ 0.01ಕ್ಕಿಂತ ಕಡಿಮೆ ಬಂದರೆ ಕ್ರೋಮಿಯಂಗಾಗಿ ಖರ್ಚು ಮಾಡಬೇಕಾಗಿಲ್ಲ, 0.01ರಿಂದ 0.05ರ ನಡುವೆ ಇದ್ದರೆ ಮಾನದಂಡದ ಪ್ರಕಾರ ಕುಡಿಯಬಹುದಾದರೂ ಹಸುಗೂಸುಗಳಿಗೆ ಹಾಲಿನ ಪುಡಿ ಕಲಸುವ ಮನೆಗಳು ಬೇರೆ ನೀರನ್ನು ನೋಡಿಕೊಳ್ಳುವುದು ಒಳ್ಳೆಯದು, 0.05 ದಾಟಿದರೆ ಕುಡಿಯುವುದಕ್ಕೂ ಅಡುಗೆಗೂ ಬಳಸಬಾರದು, 0.5ನ್ನೂ ದಾಟಿದರೆ ಮನೆಯ ಯಂತ್ರವನ್ನು ನಂಬಿ ಆ ನೀರನ್ನು ಕುಡಿಯುವ ಯೋಚನೆಯನ್ನೇ ಬಿಡಬೇಕು. ಕೊನೆಯ ಮಾತಿಗೆ ಕಾರಣವನ್ನು ಆರ್‌ಒ ಬಗ್ಗೆ ಹೇಳುವಾಗ ವಿವರಿಸುತ್ತೇನೆ.

ಪರೀಕ್ಷೆಯನ್ನು ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿಯೇ ಮಾಡಿಸಿ. ಮಾನ್ಯತೆ ಪ್ರಯೋಗಾಲಯಕ್ಕೆ ಸಿಕ್ಕಿದ್ದರೆ ಸಾಲದು, ನೀರಿನಲ್ಲಿ ಕ್ರೋಮಿಯಂ ಅಳೆಯುವ ಪರೀಕ್ಷೆಗೂ ಸಿಕ್ಕಿದೆಯೇ ಎಂದು ಕೇಳಿ. ಸಾಮಾನ್ಯವಾಗಿ ಮಾಡಿಸುವ ಗಡಸುತನ, ಟಿಡಿಎಸ್ (ಕರಗಿರುವ ಲವಣಗಳ ಒಟ್ಟು ಪ್ರಮಾಣ), ಫ್ಲೋರೈಡ್, ನೈಟ್ರೇಟ್ ಪಟ್ಟಿಯಲ್ಲಿ ಕ್ರೋಮಿಯಂ ಇರುವುದಿಲ್ಲವಾದ್ದರಿಂದ ಒಟ್ಟು ಕ್ರೋಮಿಯಂ ಮತ್ತು ಕ್ರೋಮಿಯಂ ಆರು ಎರಡನ್ನೂ ಹೆಸರು ಹೇಳಿ ಬರೆಸಬೇಕು. ಒಟ್ಟು ಪ್ರಮಾಣದ ಮಾದರಿಗೆ ಆಮ್ಲ ಹಾಕಿ ಕೆಡದಂತೆ ಇಡುತ್ತಾರೆ. ಕ್ರೋಮಿಯಂ ಆರರ ಮಾದರಿಗೆ ಆಮ್ಲ ಹಾಕದೆ ತಂಪಾಗಿಟ್ಟು ಒಂದು ದಿನದೊಳಗೆ ತಲುಪಿಸಬೇಕಾಗುತ್ತದೆ, ಆದ್ದರಿಂದ ಬಾಟಲಿಯನ್ನು ಪ್ರಯೋಗಾಲಯದಿಂದಲೇ ತರಿಸಿಕೊಳ್ಳಿ. ವರದಿಯಲ್ಲಿ ‘ಪತ್ತೆಯಾಗಿಲ್ಲ’ ಎಂದಷ್ಟೇ ಬರೆದಿದ್ದರೆ ತೃಪ್ತರಾಗಬೇಡಿ. ಪತ್ತೆ ಮಾಡಬಲ್ಲ ಕನಿಷ್ಠ ಪ್ರಮಾಣ ಎಷ್ಟು ಎಂಬುದನ್ನೂ ನಮೂದಿಸಬೇಕು. ಆ ಕನಿಷ್ಠವೇ 0.05 ಆಗಿದ್ದರೆ ನಿಮ್ಮ ನೀರು ಮಿತಿಯ ಅಂಚಿನಲ್ಲಿದೆಯೋ ಬಹಳ ಕೆಳಗಿದೆಯೋ ತಿಳಿಯುವುದೇ ಇಲ್ಲ. ಬೇಸಿಗೆಯ ಕೊನೆಗೊಮ್ಮೆ, ಮಳೆಗಾಲ ಕಳೆದ ಮೇಲೊಮ್ಮೆ ಮಾಡಿಸಿದರೆ ಏರಿಳಿತವೂ ಗೊತ್ತಾಗುತ್ತದೆ.

ಇಲ್ಲಿ ಎರಡು ತಪ್ಪು ನಂಬಿಕೆಗಳನ್ನು ದೂರಮಾಡಬೇಕು. ಕೈಯಲ್ಲಿ ಹಿಡಿಯುವ ಟಿಡಿಎಸ್ ಮೀಟರ್ ಕ್ರೋಮಿಯಂ ಬಗ್ಗೆ ಏನನ್ನೂ ಹೇಳಲಾರದು. ನೂರಾರು ಮಿಲಿಗ್ರಾಂ ಲವಣಗಳಿರುವ ಬೋರ್ ನೀರಿನಲ್ಲಿ 0.05 ಮಿಲಿಗ್ರಾಂ ಹೆಚ್ಚು ಕಡಿಮೆಯಾದರೆ ಆ ಮೀಟರಿನ ಅಂಕಿ ಅಲುಗುವುದಿಲ್ಲ. ನೀರು ಹಳದಿಯಾಗಿಲ್ಲ, ಆದ್ದರಿಂದ ಕ್ರೋಮಿಯಂ ಇಲ್ಲ ಎಂಬುದೂ ಸರಿಯಲ್ಲ. ಹಳದಿ ಬಣ್ಣ ಕಣ್ಣಿಗೆ ಕಾಣುವ ಹೊತ್ತಿಗೆ ಪ್ರಮಾಣ ಮಿತಿಯನ್ನು ಎಷ್ಟೋ ಪಟ್ಟು ಮೀರಿರುತ್ತದೆ.

ಸಂಖ್ಯೆ ಕೈಗೆ ಬಂದ ಮೇಲೆ ಪ್ರತಿ ಆಯ್ಕೆಯ ಮುಂದೆಯೂ ನಾಲ್ಕು ಪ್ರಶ್ನೆಗಳನ್ನು ಇಡಬೇಕು. ಅದು ಕ್ರೋಮಿಯಂ ಆರನ್ನು ನಿಜವಾಗಿ ತಡೆಯುತ್ತದೆಯೇ? ತಡೆಯುತ್ತಿದೆ ಎಂಬುದನ್ನು ನೀವೇ ಆಗಾಗ ಖಚಿತಪಡಿಸಿಕೊಳ್ಳಬಲ್ಲಿರಾ? ಐದು ವರ್ಷಕ್ಕೆ ಒಟ್ಟು ಎಷ್ಟು ಖರ್ಚಾಗುತ್ತದೆ? ನೀರಿನಿಂದ ಬೇರ್ಪಟ್ಟ ಕ್ರೋಮಿಯಂ ಕೊನೆಗೆ ಎಲ್ಲಿಗೆ ಹೋಗುತ್ತದೆ? ಕೊನೆಯ ಪ್ರಶ್ನೆಯನ್ನು ಮಾರಾಟಗಾರರು ಎತ್ತುವುದೇ ಇಲ್ಲ, ನನಗೆ ಅದು ಉಳಿದ ಮೂರರಷ್ಟೇ ಮುಖ್ಯ.

ಲೆಕ್ಕಕ್ಕೆ ಬಾರದ ಉಪಾಯಗಳು

ನೀರು ಕಾಯಿಸಿದರೆ ರೋಗಾಣುಗಳು ಸಾಯುತ್ತವೆ, ಕ್ರೋಮಿಯಂ ಮಾತ್ರ ಹೋಗುವುದಿಲ್ಲ. ಆವಿಯಾಗಿ ನೀರು ಕಡಿಮೆಯಾದಷ್ಟೂ ಉಳಿದ ನೀರಿನಲ್ಲಿ ಅದರ ಸಾಂದ್ರತೆ ಏರುತ್ತದೆ. ಯುವಿ ದೀಪ, ಬಟ್ಟೆಯ ಶೋಧಕ, ಕ್ಯಾಂಡಲ್ ಫಿಲ್ಟರ್, ಪಟಿಕದ (ಆಲಂ) ಪುಡಿ ಇವುಗಳಿಂದಲೂ ಕ್ರೋಮಿಯಂ ಆರು ಹೋಗದು. ಸಾಮಾನ್ಯ ಇದ್ದಿಲಿನ ಫಿಲ್ಟರನ್ನು ಇದಕ್ಕಾಗಿ ನೆಚ್ಚಿಕೊಳ್ಳುವಂತಿಲ್ಲ.

ಸಾಫ್ಟನರ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಗಡಸು ನೀರಿನ ಕಾಟದಿಂದ ಬೆಂಗಳೂರಿನ ಎಷ್ಟೋ ಅಪಾರ್ಟ್‌ಮೆಂಟ್‌ಗಳಲ್ಲಿ ಅದು ಇದೆ, ಮತ್ತು ಅದನ್ನು ಹಾಕಿಸಿದವರು ತಮ್ಮ ನೀರು ಶುದ್ಧವಾಗಿದೆ ಎಂದು ತಿಳಿದಿರುತ್ತಾರೆ. ಸಾಫ್ಟನರಿನ ರಾಳ ಧನ ವಿದ್ಯುದಂಶದ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹಿಡಿದು ಸೋಡಿಯಂ ಬಿಡುತ್ತದೆ. ಕ್ರೋಮಿಯಂ ಆರು ನೀರಿನಲ್ಲಿ ಇರುವುದು ಋಣ ವಿದ್ಯುದಂಶದ ಕ್ರೋಮೇಟ್ ಆಗಿ. ಆದ್ದರಿಂದ ಅದು ಸಾಫ್ಟನರನ್ನು ದಾಟಿ ಹಾಗೆಯೇ ನಲ್ಲಿಗೆ ಬರುತ್ತದೆ.

ನೆಲದಡಿಯ ನೀರಿನ ತೊಟ್ಟಿಗೆ, ಅಂದರೆ ಸಂಪಿಗೆ, ಬ್ಲೀಚಿಂಗ್ ಪುಡಿ ಹಾಕುವವರು ಇನ್ನೊಂದು ವಿಷಯ ತಿಳಿದಿರಬೇಕು. ಕ್ಲೋರಿನ್ ನಿಧಾನವಾಗಿ ಕ್ರೋಮಿಯಂ ಮೂರನ್ನು ಕ್ರೋಮಿಯಂ ಆರಾಗಿ ಬದಲಿಸಬಲ್ಲದು. ಆದ್ದರಿಂದ ವರದಿಯಲ್ಲಿ ಕ್ರೋಮಿಯಂ ಆರು ಕಡಿಮೆಯಿದ್ದು ಒಟ್ಟು ಕ್ರೋಮಿಯಂ ಹೆಚ್ಚಿದ್ದರೆ ಅದನ್ನು ಸುರಕ್ಷಿತ ಎಂದು ಬಿಡುವಂತಿಲ್ಲ.

ಇನ್ನೂ ಆಳಕ್ಕೆ ಕೊರೆಸುವುದು ಅತ್ಯಂತ ದುಬಾರಿಯಾದ ತಪ್ಪು. ಬೆಂಗಳೂರಿನ ನೆಲದಡಿಯಲ್ಲಿರುವುದು ಗಟ್ಟಿ ಬಂಡೆ. ನೀರು ಹರಿಯುವುದು ಬಂಡೆಯ ಬಿರುಕುಗಳಲ್ಲಿ. ಮೇಲಿನ ಬಿರುಕಿಗೂ ಕೆಳಗಿನ ಬಿರುಕಿಗೂ ನಂಟಿದ್ದರೆ, ಅಥವಾ ಅಕ್ಕಪಕ್ಕದ ಹಳೆಯ ಬೋರ್‌ವೆಲ್‌ಗಳೇ ಅವೆರಡನ್ನೂ ಜೋಡಿಸಿದ್ದರೆ, 1,000 ಅಡಿ ಕೊರೆಸಿದರೂ ಅದೇ ನೀರು ಬರಬಹುದು. ಕಾಲ ಕಳೆದಂತೆ ತಾನಾಗಿ ಸರಿಹೋಗುತ್ತದೆ ಎಂದು ಕಾಯುವುದಕ್ಕೂ ಆಧಾರವಿಲ್ಲ. ತಮಿಳುನಾಡಿನ ರಾಣಿಪೇಟೆಯಲ್ಲಿ ಕ್ರೋಮೇಟ್ ತಯಾರಿಸುತ್ತಿದ್ದ ಕಾರ್ಖಾನೆ 1990ರ ದಶಕದಲ್ಲಿಯೇ ಮುಚ್ಚಿತು, ಆದರೆ ಅದು ಬಿಟ್ಟುಹೋದ 1 ಲಕ್ಷ ಟನ್ನಿಗೂ ಹೆಚ್ಚಿನ ತ್ಯಾಜ್ಯದ ರಾಶಿ ದಶಕಗಳ ಕಾಲ ಅಲ್ಲಿಯ ಅಂತರ್ಜಲವನ್ನು ಕೆಡಿಸುತ್ತ ಬಂತು. ಕ್ಯಾಲಿಫೋರ್ನಿಯಾದ ಹಿಂಕ್ಲಿ ಎಂಬ ಊರಿನಲ್ಲಿ ಅನಿಲ ಸಾಗಣೆಯ ಕಂಪನಿಯೊಂದು 1952ರಿಂದ 1966ರವರೆಗೆ ಶೀತಲೀಕರಣ ಗೋಪುರಗಳಲ್ಲಿ ಕ್ರೋಮಿಯಂ ಬಳಸಿತು. ಅಲ್ಲಿಯ ನೀರನ್ನು ಶುದ್ಧಗೊಳಿಸುವ ಕೆಲಸ ಈ ಶತಮಾನದಲ್ಲಿಯೂ ಮುಂದುವರಿಯಿತು.

ಕಾವೇರಿ ನೀರು

ಮೂಲವನ್ನೇ ಬದಲಿಸಲು ಸಾಧ್ಯವಿದ್ದರೆ ಅದಕ್ಕೇ ಮೊದಲ ಆದ್ಯತೆ ಕೊಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಬರುವ ನದಿ ನೀರಿಗೂ ಪೀಣ್ಯದ ಬಂಡೆಯ ಬಿರುಕುಗಳಿಗೂ ಸಂಬಂಧವಿಲ್ಲ. ದಿನಕ್ಕೆ 775 ದಶಲಕ್ಷ ಲೀಟರ್ ಸಾಮರ್ಥ್ಯದ, ಕಾವೇರಿ ಯೋಜನೆಯ ಐದನೆಯ ಹಂತ 2024ರ ಅಕ್ಟೋಬರ್‌ನಲ್ಲಿ ಆರಂಭವಾದ ಮೇಲೆ ನಗರಕ್ಕೆ ಸೇರಿದ 110 ಹಳ್ಳಿಗಳಿಗೂ ಸಂಪರ್ಕ ಪಡೆಯುವ ಅವಕಾಶ ತೆರೆದಿದೆ. ಸಂಪರ್ಕದ ಆರಂಭದ ಶುಲ್ಕ ಹೊರೆಯೆನಿಸಬಹುದು, ಅದರಲ್ಲಿಯೂ ಅಪಾರ್ಟ್‌ಮೆಂಟ್‌ಗಳಿಗೆ. ಆದರೆ ಗೃಹಬಳಕೆಯ ಕೆಳ ಹಂತದ ದರದಲ್ಲಿ 1,000 ಲೀಟರ್ ಕಾವೇರಿ ನೀರಿಗೆ ತಗಲುವ ಹಣ 20 ಲೀಟರಿನ ಒಂದು ಕ್ಯಾನಿನ ಬೆಲೆಗಿಂತ ಕಡಿಮೆ.

ಇದರ ದೊಡ್ಡ ಕೊರತೆ ಎಂದರೆ ನೀರು ದಿನವೂ ಬಾರದಿರುವುದು. ಆ ಕೊರತೆಯನ್ನು ತುಂಬಲು ಮನೆಯವರು ಅದೇ ಸಂಪಿಗೆ ಬೋರ್ ನೀರನ್ನೂ ಬಿಡುತ್ತಾರೆ, ಅಲ್ಲಿಗೆ ಸಂಪರ್ಕ ಪಡೆದ ಉದ್ದೇಶವೇ ಹಾಳಾಗುತ್ತದೆ. 0.2 ಮಿಲಿಗ್ರಾಂ ಕ್ರೋಮಿಯಂ ಇರುವ ಬೋರ್ ನೀರು ಅರ್ಧಕ್ಕರ್ಧ ಬೆರೆತರೂ ಸಂಪಿನ ನೀರು ಮಿತಿಯ ಎರಡು ಪಟ್ಟು ಆಗಿರುತ್ತದೆ. ಕುಡಿಯುವ ನೀರಿಗೆಂದು 500 ಲೀಟರಿನ ಪ್ರತ್ಯೇಕ ತೊಟ್ಟಿ ಇಟ್ಟು, ಅಲ್ಲಿಂದ ಅಡುಗೆಮನೆಗೆ ಒಂದು ಪ್ರತ್ಯೇಕ ಕೊಳವೆ ಎಳೆಸಿದರೆ ಈ ತೊಂದರೆ ತಪ್ಪುತ್ತದೆ. ನಾಲ್ಕು ಜನರ ಸಂಸಾರಕ್ಕೆ ಕುಡಿಯಲು ಮತ್ತು ಅಡುಗೆಗೆ ದಿನಕ್ಕೆ 20 ಲೀಟರ್ ಸಾಕಾಗುವುದರಿಂದ ಅದು ಮೂರು ವಾರಕ್ಕೂ ಹೆಚ್ಚು ಬರುತ್ತದೆ.

ಮನೆಯ ಆರ್‌ಒ

ಆರ್‌ಒ ಪೊರೆ ಕ್ರೋಮೇಟನ್ನು ಚೆನ್ನಾಗಿಯೇ ತಡೆಯುತ್ತದೆ. ಪೊರೆ ಹೊಸದಾಗಿದ್ದು ಒತ್ತಡ ಸರಿಯಾಗಿದ್ದರೆ ನೂರಕ್ಕೆ ತೊಂಬತ್ತರಷ್ಟನ್ನು ತೆಗೆಯುತ್ತದೆ ಎಂದು ಹಿಡಿದು ಲೆಕ್ಕ ಹಾಕೋಣ. ಬೋರ್ ನೀರಿನಲ್ಲಿ 0.1 ಇದ್ದರೆ ಲೋಟಕ್ಕೆ ಬರುವುದು 0.01, ನೆಮ್ಮದಿಯಿಂದ ಕುಡಿಯಬಹುದು. 0.5 ಇದ್ದರೆ ಬರುವುದು 0.05, ಸರಿಯಾಗಿ ಮಿತಿಯ ಮೇಲೆ ನಿಂತಂತೆ, ಪೊರೆ ಸ್ವಲ್ಪ ಸವೆದರೂ ಮಿತಿ ದಾಟುತ್ತದೆ. 2 ಮಿಲಿಗ್ರಾಂ ಇದ್ದರೆ ಹೊಸ ಯಂತ್ರದಿಂದಲೂ ಮಿತಿಯ ನಾಲ್ಕು ಪಟ್ಟು ಕ್ರೋಮಿಯಂ ಬರುತ್ತದೆ. ಒಂದೇ ಯಂತ್ರ ಒಂದು ಮನೆಯಲ್ಲಿ ಆಪದ್ಬಂಧುವಾಗಿ ಪಕ್ಕದ ಬೀದಿಯಲ್ಲಿ ನಿಷ್ಪ್ರಯೋಜಕವಾಗುವುದು ಹೀಗೆ, ಮತ್ತು ಪರೀಕ್ಷೆಗೆ ಮೊದಲು ಯಂತ್ರ ಕೊಳ್ಳಬೇಡಿ ಎನ್ನುವುದೂ ಇದಕ್ಕಾಗಿಯೇ.

ನಮ್ಮ ಮಾರುಕಟ್ಟೆಯ ಹಲವು ಯಂತ್ರಗಳಲ್ಲಿ ರುಚಿಗಾಗಿ ಟಿಡಿಎಸ್ ಕಂಟ್ರೋಲರ್ ಎಂಬ ಸಣ್ಣ ತಿರುಪು ಇರುತ್ತದೆ. ಪೊರೆಯನ್ನು ದಾಟದ ನೀರನ್ನು, ಬರಿಯ ಯುವಿ ಅಥವಾ ಯುಎಫ್ (ಅಲ್ಟ್ರಾಫಿಲ್ಟ್ರೇಶನ್ ಶೋಧಕ) ಮೂಲಕ ಹಾಯಿಸಿ, ಶುದ್ಧ ನೀರಿಗೆ ಬೆರೆಸುವುದು ಅದರ ಕೆಲಸ. 0.5 ಮಿಲಿಗ್ರಾಂ ಇರುವ ನೀರಿನಲ್ಲಿ ಐದನೆಯ ಒಂದು ಪಾಲು ಹೀಗೆ ಬೆರೆತರೆ ಲೋಟದ ನೀರಿನಲ್ಲಿ ಸುಮಾರು 0.14 ಮಿಲಿಗ್ರಾಂ ಇರುತ್ತದೆ, ಅಂದರೆ ಮಿತಿಯ ಹೆಚ್ಚುಕಡಿಮೆ ಮೂರು ಪಟ್ಟು. ಕ್ರೋಮಿಯಂ ಇರುವ ಕಡೆ ಈ ತಿರುಪನ್ನು ಪೂರ್ತಿಯಾಗಿ ಮುಚ್ಚಿಸಬೇಕು ಅಥವಾ ಅದಿಲ್ಲದ ಯಂತ್ರವನ್ನೇ ಕೊಳ್ಳಬೇಕು. ನೀರು ಸಪ್ಪೆಯೆನಿಸಿದರೆ ಖನಿಜ ಸೇರಿಸುವ ಕಾರ್ಟ್ರಿಜ್ ಹಾಕಿಸಿಕೊಳ್ಳಬಹುದು, ಅದರಿಂದ ಈ ಅಪಾಯವಿಲ್ಲ.

ಕ್ರೋಮಿಯಂ ಅಳೆಯಲಾರದ ಟಿಡಿಎಸ್ ಮೀಟರ್ ಇಲ್ಲಿ ಬೇರೆ ರೀತಿಯಲ್ಲಿ ನೆರವಾಗುತ್ತದೆ. ಒಳಬರುವ ನೀರಿನ ಮತ್ತು ಹೊರಬರುವ ನೀರಿನ ಟಿಡಿಎಸ್ ಅನ್ನು ತಿಂಗಳಿಗೊಮ್ಮೆ ಬರೆದಿಟ್ಟುಕೊಂಡರೆ ಪೊರೆಯ ಸ್ಥಿತಿ ತಿಳಿಯುತ್ತದೆ. ಮೊದಲಿಗೆ ಹತ್ತರಲ್ಲಿ ಒಂದು ಪಾಲು ಮಾತ್ರ ದಾಟುತ್ತಿದ್ದ ಲವಣ ಈಗ ಐದರಲ್ಲಿ ಒಂದು ಪಾಲು ದಾಟುತ್ತಿದ್ದರೆ ಪೊರೆ ಬದಲಿಸುವ ಕಾಲ ಬಂದಿದೆ. ಖನಿಜದ ಕಾರ್ಟ್ರಿಜ್ ಇದ್ದರೆ ಅದಕ್ಕೆ ಮೊದಲು ಅಳೆಯಬೇಕು. ವರ್ಷಕ್ಕೊಮ್ಮೆ ಶುದ್ಧವಾದ ನೀರನ್ನೂ ಪ್ರಯೋಗಾಲಯಕ್ಕೆ ಕಳಿಸಿ. ಯಂತ್ರಕ್ಕೆ 15 ಸಾವಿರ, ನಿರ್ವಹಣೆಗೆ ವರ್ಷಕ್ಕೆ 5 ಸಾವಿರ ರೂಪಾಯಿ ಎಂದು ಹಿಡಿದರೆ ಐದು ವರ್ಷಕ್ಕೆ 40 ಸಾವಿರ, ಪರೀಕ್ಷೆಯ ಖರ್ಚು ಬೇರೆ.

ನಾಲ್ಕನೆಯ ಪ್ರಶ್ನೆಗೆ ಆರ್‌ಒ ಕೊಡುವ ಉತ್ತರ ಅಷ್ಟು ಚೆನ್ನಾಗಿಲ್ಲ. 10 ಲೀಟರ್ ಶುದ್ಧ ನೀರಿಗೆ ಸಾಮಾನ್ಯವಾಗಿ 20ರಿಂದ 30 ಲೀಟರ್ ತ್ಯಾಜ್ಯ ನೀರು ಹೊರಬರುತ್ತದೆ, ಕ್ರೋಮಿಯಂನ ಬಹುಪಾಲು ಅದರಲ್ಲಿಯೇ ಇರುತ್ತದೆ. ನೀರನ್ನು ಹಾಳುಮಾಡಬಾರದೆಂಬ ಒಳ್ಳೆಯ ಮನಸ್ಸಿನಿಂದ ಅದನ್ನು ತುಳಸಿಗೂ ಕರಿಬೇವಿಗೂ ಸೊಪ್ಪಿನ ಕುಂಡಗಳಿಗೂ ಹಾಕುವವರಿದ್ದಾರೆ. ಕ್ರೋಮಿಯಂ ಇರುವ ಕಡೆ ಹಾಗೆ ಮಾಡಬಾರದು. ಮಳೆನೀರು ಇಂಗಿಸುವ ಗುಂಡಿಗಂತೂ ಅದನ್ನು ಬಿಡಲೇಬಾರದು. ಶೌಚಾಲಯಕ್ಕೆ ಬಳಸಿ ಒಳಚರಂಡಿಗೆ ಸೇರಿಸುವುದು ಇದ್ದುದರಲ್ಲಿ ಮೇಲು.

ಕ್ಯಾನ್, ಟ್ಯಾಂಕರ್, ಶುದ್ಧ ನೀರಿನ ಘಟಕ

ಮೊಹರು ಮಾಡಿದ ಪ್ಯಾಕೇಜ್ಡ್ ನೀರಿನ ಮಾನದಂಡವಾದ ಐಎಸ್ 14543 ಕೂಡ ಕ್ರೋಮಿಯಂಗೆ 0.05ರ ಮಿತಿಯನ್ನೇ ಹಾಕುತ್ತದೆ. ಆದರೆ ಬೈಕಿನಲ್ಲಿ ಬಂದು ಇಳಿಸಿಹೋಗುವ ಕ್ಯಾನುಗಳೆಲ್ಲ ಆ ಗುಂಪಿನವಲ್ಲ. ಚೀಟಿಯ ಮೇಲೆ ತಯಾರಕರ ವಿಳಾಸ, ಪರವಾನಗಿ ಸಂಖ್ಯೆ, ದಿನಾಂಕ ಇಲ್ಲದ ಕ್ಯಾನು ಪಕ್ಕದ ಬೀದಿಯ ಬೋರ್‌ವೆಲ್ಲಿನದೇ ಆಗಿರಬಹುದು. ಕ್ಯಾನಿಗೆ 50 ರೂಪಾಯಿ ಎಂದು ಹಿಡಿದರೂ ದಿನಕ್ಕೊಂದರಂತೆ ವರ್ಷಕ್ಕೆ 18 ಸಾವಿರ ದಾಟುತ್ತದೆ. ಐದು ವರ್ಷದ ಲೆಕ್ಕದಲ್ಲಿ ಇದು ಮನೆಯ ಆರ್‌ಒ ಖರ್ಚಿನ ಎರಡು ಪಟ್ಟಿಗೂ ಹೆಚ್ಚು. ಬಾಡಿಗೆ ಮನೆಯಲ್ಲಿ ವರ್ಷವೊಂದೆರಡು ಇದ್ದು ಹೋಗುವವರಿಗೆ, ಬೋರ್ ನೀರಿನಲ್ಲಿ 0.5ಕ್ಕಿಂತ ಹೆಚ್ಚು ಕ್ರೋಮಿಯಂ ಇದ್ದು ಕಾವೇರಿ ಇನ್ನೂ ಬಾರದವರಿಗೆ ಇದು ಸರಿಯಾದ ತಾತ್ಕಾಲಿಕ ದಾರಿ. ಹಣ ಉಳಿಸಲು ಕುಡಿಯುವುದಕ್ಕೆ ಮಾತ್ರ ಕ್ಯಾನ್ ನೀರು, ಅನ್ನ ಸಾರಿಗೆ ಬೋರ್ ನೀರು ಎಂದು ಮಾಡಿಕೊಂಡ ಮನೆಗಳು ಬಹಳ. ಅನ್ನ ಹೀರುವ ನೀರೂ ಸಾರಿನ ನೀರೂ ಹೊಟ್ಟೆಗೇ ಹೋಗುವುದರಿಂದ ಅಂಥ ಉಳಿತಾಯದಲ್ಲಿ ಅರ್ಥವಿಲ್ಲ. ಪಾತ್ರೆ, ಬಟ್ಟೆ, ಸ್ನಾನಕ್ಕೆ ಮಿತಿಗಿಂತ ಸ್ವಲ್ಪ ಹೆಚ್ಚಿರುವ ನೀರು ಬಳಸಿದರೆ ಕುಡಿದಷ್ಟು ಅಪಾಯವಿಲ್ಲ. ನೀರೇ ಹಳದಿಯಾಗಿದ್ದರೆ ಮಾತ್ರ ಸ್ನಾನಕ್ಕೂ ಬೇಡ, ಚರ್ಮದ ಉರಿಯೂತಕ್ಕೆ ಅದು ಕಾರಣವಾಗಬಲ್ಲದು.

ನಾಣ್ಯ ಹಾಕಿ ನೀರು ಹಿಡಿಯುವ ಶುದ್ಧ ಕುಡಿಯುವ ನೀರಿನ ಘಟಕಗಳು ಬಡ ಕುಟುಂಬಗಳಿಗೆ ದೊಡ್ಡ ಆಸರೆ. ಅಲ್ಲಿಯೂ ಇರುವುದು ಆರ್‌ಒ ಪೊರೆಯೇ, ಆದ್ದರಿಂದ ಮೇಲಿನ ಲೆಕ್ಕವೇ ಅಲ್ಲಿಗೂ ಅನ್ವಯಿಸುತ್ತದೆ. ಘಟಕಕ್ಕೆ ನೀರು ಯಾವ ಬೋರ್‌ವೆಲ್ಲಿನಿಂದ ಬರುತ್ತದೆ, ಕ್ರೋಮಿಯಂ ಪರೀಕ್ಷೆಯ ಇತ್ತೀಚಿನ ವರದಿ ಎಲ್ಲಿದೆ ಎಂದು ಕೇಳುವುದು ಬಳಕೆದಾರರ ಹಕ್ಕು. ಬೀದಿಯ ಹತ್ತು ಮನೆಗಳು ಹಣ ಹಾಕಿ ಒಂದು ಮಾದರಿಯನ್ನು ಪರೀಕ್ಷೆಗೆ ಕಳಿಸಿದರೆ ತಲೆಗೆ ಬೀಳುವ ಖರ್ಚು ಬಹಳ ಕಡಿಮೆ.

ಟ್ಯಾಂಕರ್ ನೀರನ್ನು ಕುಡಿಯಲು ನಾನು ಯಾರಿಗೂ ಹೇಳುವುದಿಲ್ಲ. ಇಂದಿನ ಲೋಡಿನ ಬೋರ್‌ವೆಲ್ ನಾಳೆ ಬೇರೆಯಾಗಿರುತ್ತದೆ, ಯಾವ ವರದಿಯೂ ಅದಕ್ಕೆ ಹೊಂದದು.

ಮಳೆನೀರು

ಇಷ್ಟು ಕಡಿಮೆ ಜನ ಯೋಚಿಸುವ, ಇಷ್ಟು ಒಳ್ಳೆಯ ಲೆಕ್ಕ ಕೊಡುವ ಆಯ್ಕೆ ಇನ್ನೊಂದಿಲ್ಲ. ಬೆಂಗಳೂರಿನ ವಾರ್ಷಿಕ ಮಳೆ ಸುಮಾರು 970 ಮಿಲಿಮೀಟರ್. 1,000 ಚದರಡಿಯ ತಾರಸಿಯ ಮೇಲೆ ಬೀಳುವುದರಲ್ಲಿ ಐದರಲ್ಲಿ ನಾಲ್ಕು ಪಾಲು ಹಿಡಿದರೂ ವರ್ಷಕ್ಕೆ 70 ಸಾವಿರ ಲೀಟರ್ ಸಿಗುತ್ತದೆ. ನಾಲ್ವರ ಸಂಸಾರದ ಕುಡಿಯುವ ಮತ್ತು ಅಡುಗೆಯ ನೀರು ವರ್ಷಕ್ಕೆ 7,300 ಲೀಟರ್. ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ನಾಲ್ಕು ಒಣ ತಿಂಗಳಿಗೆ ಬೇಕಾದದ್ದು ಸುಮಾರು 2,400 ಲೀಟರ್, ಆದ್ದರಿಂದ 3,000 ಲೀಟರಿನ ಮುಚ್ಚಿದ ತೊಟ್ಟಿಯೊಂದು ಸಾಕು. ಮೊದಲ ಮಳೆಯ ನೀರನ್ನು ಹೊರಬಿಡುವ ಕವಾಟ, ಶೋಧಕ, ಕೊನೆಯಲ್ಲಿ ಕಾಯಿಸುವುದು ಅಥವಾ ಯುವಿ, ಇಷ್ಟಿದ್ದರೆ ಆರ್‌ಒ ಬೇಕಾಗುವುದಿಲ್ಲ, ತ್ಯಾಜ್ಯ ನೀರಿನ ಚಿಂತೆಯೂ ಇರುವುದಿಲ್ಲ.

ಸ್ವಂತ ತಾರಸಿ ಇಲ್ಲದವರಿಗೆ ಇದು ದಕ್ಕುವುದಿಲ್ಲ. ತುಕ್ಕು ತಡೆಯುವ ಕೆಲವು ಪ್ರೈಮರ್‌ಗಳಲ್ಲಿ ಕ್ರೋಮೇಟ್ ಇರುವುದರಿಂದ ಬಣ್ಣ ಬಳಿದ ತಗಡಿನ ಮಾಡಿನ ನೀರನ್ನು ಕುಡಿಯಲು ಹಿಡಿಯಬೇಡಿ. ಕಾರ್ಖಾನೆಯ ಪಕ್ಕದಲ್ಲಿಯೇ ಇರುವ ಮನೆಯವರು ಸಂಗ್ರಹಿಸಿದ ನೀರನ್ನು ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಲಿ.

ಅಪಾರ್ಟ್‌ಮೆಂಟ್‌ಗಳು ಮತ್ತು ಪಿಜಿಗಳು

ನಲವತ್ತು ಮನೆಗಳ ಸಂಘಕ್ಕೆ ಮನೆಗೊಂದು ಆರ್‌ಒಗಿಂತ ಒಂದೇ ಸಾಮಾನ್ಯ ಘಟಕ ಅಗ್ಗವೆನಿಸುತ್ತದೆ. ಅದಕ್ಕಾಗಿ ಅಯಾನು ವಿನಿಮಯದ ಘಟಕವನ್ನು ಮಾರುವವರೂ ಇದ್ದಾರೆ. ಋಣ ಅಯಾನುಗಳನ್ನು ಹಿಡಿಯುವ ರಾಳ ಕ್ರೋಮೇಟನ್ನು ಬಹಳ ಚೆನ್ನಾಗಿ ತೆಗೆಯುತ್ತದೆ ಎಂಬುದು ನಿಜ. ಆದರೆ ನೀರಿನಲ್ಲಿರುವ ಸಲ್ಫೇಟ್ ಕೂಡ ಅದೇ ರಾಳಕ್ಕೆ ಅಂಟಿಕೊಳ್ಳುವುದರಿಂದ ನಮ್ಮ ಗಡಸು ನೀರಿನಲ್ಲಿ ಅದು ಬೇಗ ತುಂಬಿಹೋಗುತ್ತದೆ, ತುಂಬಿದ್ದು ಹೊರಗೆ ಕಾಣುವುದಿಲ್ಲ. ಉಪ್ಪು ನೀರಿನಿಂದ ತೊಳೆದು ಮತ್ತೆ ಸಿದ್ಧಮಾಡಿದಾಗ ಬರುವ ನೀರಿನಲ್ಲಿ ಕ್ರೋಮಿಯಂ ಆರು ದಟ್ಟವಾಗಿರುತ್ತದೆ. ಅದು ಅಪಾಯಕಾರಿ ತ್ಯಾಜ್ಯ, ಚರಂಡಿಗೆ ಬಿಡುವಂತಿಲ್ಲ. ಆ ತ್ಯಾಜ್ಯವನ್ನು ಅಧಿಕೃತ ವಿಲೇವಾರಿ ಕೇಂದ್ರಕ್ಕೆ ಸಾಗಿಸುವ ಹೊಣೆ ಮತ್ತು ತಿಂಗಳಿಗೊಮ್ಮೆ ಕ್ರೋಮಿಯಂ ಪರೀಕ್ಷೆಯ ಹೊಣೆ ಎರಡನ್ನೂ ಕರಾರಿನಲ್ಲಿ ಬರೆದುಕೊಡದ ಕಂಪನಿಯೊಂದಿಗೆ ವ್ಯವಹಾರ ಬೇಡ. ಕಾವೇರಿ ಸಂಪರ್ಕ ಸಾಧ್ಯವಿರುವ ಸಂಘ ಈ ಹಣವನ್ನು ಅಲ್ಲಿಗೆ ಹಾಕಿ, ಕುಡಿಯುವ ನೀರಿನ ಪ್ರತ್ಯೇಕ ಕೊಳವೆ ಎಳೆಸುವುದು ಲೇಸು. ಪಿಜಿ, ಮೆಸ್ ಮತ್ತು ಶಾಲೆಗಳನ್ನು ನಡೆಸುವವರು ಅಡುಗೆಮನೆಯ ದೊಡ್ಡ ಪಾತ್ರೆಗೆ ಬೀಳುವ ನೀರು ಯಾವುದು ಎಂಬುದನ್ನು ಮೊದಲು ನೋಡಲಿ. ಅಲ್ಲಿ ಉಣ್ಣುವವರಿಗೆ ಆಯ್ಕೆಯ ಅವಕಾಶವೇ ಇರುವುದಿಲ್ಲ.

ಯಾವ ದಾರಿ ಹಿಡಿದರೂ ವರದಿಯಲ್ಲಿ ಮಿತಿ ಮೀರಿದ ಸಂಖ್ಯೆ ಬಂದರೆ ಅದರ ಪ್ರತಿಯನ್ನು ಜಲಮಂಡಳಿಗೂ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೂ ಲಿಖಿತ ದೂರಿನೊಂದಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ, ಅಕ್ಕಪಕ್ಕದ ಮನೆಗಳಿಗೂ ತೋರಿಸಿ. ಒಂದೇ ಬಿರುಕಿನ ನೀರನ್ನು ಅವರೂ ಎತ್ತುತ್ತಿರಬಹುದು. ಬಳಕೆ ಬಿಟ್ಟ ಬೋರ್‌ವೆಲ್ಲನ್ನು ತೆರೆದು ಬಿಡಬೇಡಿ. ಮೇಲಿನ ಕೊಳಕು ನೀರು ಅದರ ಮೂಲಕ ನೇರವಾಗಿ ಆಳಕ್ಕೆ ಇಳಿಯುವುದರಿಂದ, ತಿಳಿದವರಿಂದ ಅದನ್ನು ತಳದಿಂದ ತುಂಬಿಸಿ, ಬಾಯಿಗೆ ಕಾಂಕ್ರೀಟ್ ಹಾಕಿಸಿ ಮುಚ್ಚಿಸಬೇಕು.